ಏಳೆಂಟ್ಲೆ ಐವತ್ನಾಕು

ಲೆಕ್ಕದ ಮಾಸ್ತರಂದ್ರ ಮಾರಿ ಗಂಟು ಹಾಕ್ಕೊಂಡು ಕೂಡಾಂವ, ಅವನ ಬಾಳ್ವ್ಯಾಗ ನಗೋವಂಥದ್ದು ಏನೂ ಆಗಂಗಿಲ್ಲಂತ ಮಂದಿ ತಿಳ್ಕೊಂಡಾರ. ಅವರು ಯಾರಿಗೂ ಲೆಕ್ಕ ಕಲಿಸಿಲ್ಲ. ನಾ ನಿಜಾಮನ ಕಾಲದಾಗ ಮನಿಮನಿಗಿ ಹೋಗಿ ಕಲಿಸಿದಾಂವ. ನನಗ ಗೊತ್ತದ.

೧. ನಾ ಕಲ್ತಿದ್ದು

ರಾಯಿಕೋಡದಾಗ ನಮ್ಮ ಅಯ್ಯನವರ ಸಾಲಿ. ನಾವು ಮೂವತ್ತು ಹುಡುಗರು ಗುಡಿ ಕಂಬ ಸುತ್ತುತ್ತ ಮಗ್ಗಿ ಒದರಬೇಕು, ಅಯ್ಯನವರು ಮಲಗಬೇಕು. ದನಿ ನಿಂತರಷ್ಟೇ ಅವರಿಗಿ ಎಚ್ಚರ. ಒಂದಿನ ಮುಂದ ಹೇಳಾಂವ "ಏಳೆಂಟ್ಲೆ ಐವತ್ನಾಕು" ಅಂದ. ಹಿಂದಿನವರೂ ಅದನ್ನೇ ಅಂದ್ರು. ಅಯ್ಯನವರಿಗಿ ಎಚ್ಚರ ಆಗಲಿಲ್ಲ. ಮುಂದ ಹೇಳಾಂವ ನಾನೇ.

ಊರಾಗ ಯಾರಿಗೂ ತೊಂದ್ರಿ ಆಗಲಿಲ್ಲ. ಕೊಡಾಂವನೂ ಐವತ್ನಾಕು ಅಂತಿದ್ದ, ತಗೊಳ್ಳಾಂವನೂ ಐವತ್ನಾಕು ಅಂತಿದ್ದ. ದೊಡ್ಡಾಂವ ಆದಮ್ಯಾಲ ಜಹೀರಾಬಾದ ಸಂತ್ಯಾಗ ಏಳೇಳರ ಎಂಟು ಗುಂಪಿ ಮಾವಿನಕಾಯಿ ತಗೊಂಡು ಎಣಿಸಿದೆ. ಎರಡು ಹೆಚ್ಚು ಬಂದ್ವು. ಪರರದು ನಮಗ್ಯಾಕಂತ ವಾಪಸ್ ಕೊಟ್ಟೆ. ಮಾರಾಂವ ನನ್ನ ಮಾರಿ ನೋಡಿ, "ಇನ್ನೂ ಎಂಟು ಗುಂಪಿ ಒಯ್ರಿ ಅಣ್ಣಾರ" ಅಂದ.

ಮನಿಗಿ ಬಂದು ಏಳೇಳು ಕೂಡಿಸಿ ನೋಡಿದೆ, ಐವತ್ತಾರು. ಅವತ್ತಿನಿಂದ ಖರೇ ಉತ್ತರ ತಲಿಗಿ ಗೊತ್ತು. ಬಾಯಿಗಿ ಗೊತ್ತಿಲ್ಲ.

೨. ಲೆಕ್ಕದ ಜೋಳ

ಯಾಲಾಲ ಹತ್ರ ಒಂದು ಪಟವಾರಿ ಮನಿ, ಊರ ಹೊಲದ ಲೆಕ್ಕ ಬರಿಯಾಂವರದು. ಯಜಮಾನ ತೀರಿಕೊಂಡಿದ್ದ. ಮಗ ತಾಂಡೂರಿನ ತಹಸೀಲ್ದಾರರ ಮುಂದ ಲೆಕ್ಕ ಹೇಳಿ ಪಾಸಾದ್ರಷ್ಟೇ ಪಟವಾರಿಕಿ ಆ ಮನ್ಯಾಗ ಉಳೀತದ. "ಇಲ್ಲಂದ್ರ ದಾಯಾದಿಗಿ ಹೋಗ್ತದ್ರಿ ಮಾಸ್ತರ್ರ. ನಾ ಅದನ್ನ ನೋಡಿ ಬದುಕಂಗಿಲ್ಲ" ಅಂತ ತಾಯಿ ಅತ್ಲು. ಕಲಿಸ್ತೀನಂತ ಒಪ್ಕೊಂಡೆ.

ಶಿಷ್ಯಗ ಮೂವತ್ತೆರಡು ವರ್ಷ. ನನಕಿಂತ ದೊಡ್ಡಾಂವ. ಮೊದಲನೇ ಲೆಕ್ಕ ಕೊಟ್ಟೆ: "ಹನ್ನೆರಡು ಚೀಲ ಜೋಳ, ಮೂವರು ಅಣ್ತಮ್ಮರು. ಒಬ್ಬೊಬ್ಬಗ ಎಷ್ಟು?"

"ಹೊಲ ಬಿತ್ತಿದ್ದು ಯಾರ್ರಿ?"

"ಯಾರೂ ಅಲ್ಲ. ಇದು ಲೆಕ್ಕದ ಜೋಳ."

"ಲೆಕ್ಕದ್ದಾದ್ರೂ ಯಾರರೆ ಬಿತ್ತಿರಬೇಕಲ್ರಿ. ಬಿತ್ತಿದಾಂವ ಸಮಾ ಪಾಲಿಗಿ ಒಪ್ಪಂಗಿಲ್ಲ."

ಮೂರು ದಿನ ಹೆಣಗಿದೆ. ಕಡೀಗಿ ಅಂದ: "ಆತು, ನಾಕ್ನಾಕು ಅಂತ ಬರ್ಕೊಳ್ರಿ. ಮುಂದ ಜಗಳ ಬಂದ್ರ ನನ್ನ ಹೆಸರು ಹೇಳಬ್ಯಾಡ್ರಿ."

೩. ಸುತ್ತು

ನಾ ಸುತ್ತುತ್ತ ಕಲ್ತಾಂವ. ಕುಂತ್ರ ನನಗ ಮಗ್ಗಿ ಬರಂಗಿಲ್ಲ. ಹಿಂಗಾಗಿ ಅಂಗಳದ ಬೇವಿನಗಿಡ ಸುತ್ತುತ್ತ ಕಲಿಸಿದೆ. ಬಾಜು ಮನಿ ಅಜ್ಜಿ ಇದ್ಯಾವುದೋ ಹರಕಿ ಅಂತ ತಿಳ್ಕೊಂಡು ಮೂರನೇ ದಿನದಿಂದ ನಮ್ಮ ಹಿಂದ ತಾನೂ ಸುತ್ತಾಕ ಹತ್ತಿದ್ಲು. ತಿಂಗಳಾಗ ಅಕಿಗಿ ಹದಿಮೂರರ ಮಗ್ಗಿ ಬಂತು. ಶಿಷ್ಯಗ ಹತ್ತರ ತನಕ.

ತಾಂಡೂರಿಗಿ ಹೊಂಟ ಮುಂಜಾನಿ ಅಜ್ಜಿ ಗಿಡ ಸುತ್ತುತ್ತ ಭಕ್ತಿಲಿಂದ ಅಂತಿದ್ಲು, "ಏಳೆಂಟ್ಲೆ ಐವತ್ನಾಕು."

ನನ್ನ ಬಾಯಿ ಇಬ್ಬರಿಗೂ ಅದನ್ನೇ ಕಲಿಸಿತ್ತು. ತಿದ್ದಬೇಕಂದ್ರ ಶಿಷ್ಯ ಆಗ್ಲೇ ಮುಂದಿನ ಬಂಡ್ಯಾಗ ಹೋಗ್ಯಾನ.

೪. ತಾಂಡೂರು

ನಾ ಕಚೇರಿ ಮುಟ್ಟೂದ್ರಾಗ ಅಂವ ತಹಸೀಲ್ದಾರರ ಮುಂದ ನಿಂತಿದ್ದ. ತಾಯಿ ಬಾಗಿಲದಾಗ ಕೈ ಮುಗ್ಕೊಂಡು ನಿಂತಿದ್ಲು. ಸಾಹೇಬ್ರು ಕೇಳಿದ್ರು: "ಎಂಟು ಮಂದಿ ಅಣ್ತಮ್ಮರು. ಒಬ್ಬೊಬ್ಬಗ ಏಳೇಳು ಗುಂಟೆ ಹೊಲ. ಒಟ್ಟು ಎಷ್ಟು?"

ಊರಾಗಿನ ಲೆಕ್ಕ ಎಲ್ಲಾ ಬಿಟ್ಟು ಇದೇ ಸಿಗಬೇಕಾ!

"ಐವತ್ನಾಕು ಗುಂಟೆ" ಅಂದ ಶಿಷ್ಯ.

ಸಾಹೇಬ್ರು ಹುಬ್ಬು ಏರಿಸಿದ್ರು. "ಛಪ್ಪನ್ ಅಲ್ಲೇನು? ಐವತ್ತಾರು?"

"ಅದು ಕಾಗದದ ಮ್ಯಾಲ್ರಿ ಸಾಹೇಬ್ರ. ನೆಲದ ಮ್ಯಾಲ ಎಂಟು ಪಾಲಿಗಿ ಏಳು ಒಡ್ಡು ಹಾಕಬೇಕು. ಒಡ್ಡಿಗೇ ಎರಡು ಗುಂಟೆ ಹೋಗ್ತದ. ಬಿತ್ತಾಕ ಉಳಿಯೋದು ಐವತ್ನಾಕೇ."

ಸಾಹೇಬ್ರು ಕುರ್ಚಿ ಬಿಟ್ಟು ಎದ್ರು. "ಇಪ್ಪತ್ತು ವರ್ಷದಾಗ ಹಿಂಗ ಹೇಳಿದ ಪಟವಾರಿ ನೀನೊಬ್ಬನೇ" ಅಂತ ಸಹಿ ಹಾಕಿದ್ರು. ತಾಯಿ ಅಲ್ಲೇ ನೆಲಕ್ಕ ಹಣಿ ಹಚ್ಚಿದ್ಲು. ನನಗೂ ಕಣ್ಣಾಗ ನೀರು ಬಂತು.

ಖುಷಿಲಿಂದ ಸಾಹೇಬ್ರು ನನ್ನ ಕಡಿ ತಿರುಗಿದ್ರು. "ಕಲಿಸಿದವರು ನೀವೇನ್ರಿ? ಹಂಗಾದ್ರ ನೀವು ಹೇಳ್ರಿ, ಹೊಲ ಬ್ಯಾಡ, ಬರೇ ಮಗ್ಗಿ. ಏಳೆಂಟ್ಲೆ?"

ನಾ ನಿಂತಲ್ಲೇ ನಿಂತಿದ್ದೆ. ಸುತ್ತಾಕ ಗಿಡ ಇರಲಿಲ್ಲ. ಬಾಯಿ ತಾನೇ ಅಂತು, "ಐವತ್ನಾಕು."

ಸಾಹೇಬ್ರು ನನ್ನ ಮಾರೀನೇ ನೋಡಿದ್ರು.

"ಮಾಸ್ತರ್ರ, ಮಗ್ಗ್ಯಾಗೂ ಒಡ್ಡು ಹಾಕೀರೇನು?"

"ಹೌದ್ರಿ" ಅಂದೆ.