ಸೋತೆ ಎನ್ನಲು ಐದು ಕಿಟಕಿ

ಒಡೆದವನಿಗೆ ಕುರ್ಚಿ, ಒಡೆಯದವಳಿಗೆ ಸಾಲು. ಕೈ ಎತ್ತಿದರೆ ಸಹಿಯಿಲ್ಲ, ಕೈ ಇಳಿಸಿದರೆ ನೀರಿಲ್ಲ. ಏನದು, ಹೇಳಿ?

ಗೊತ್ತಾಗಲಿಲ್ಲ ತಾನೆ? ಒಗಟು ಬಿಡಿಸಲಾಗದವರು ‘ಸೋತೆ’ ಅನ್ನಬೇಕು. ಆದರೆ ತಡೀರಿ, ಮನೆಮಾತಿನಲ್ಲಿ ಸೋತರೆ ಲೆಕ್ಕಕ್ಕಿಲ್ಲ. ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಸೋಲನ್ನು ಇಂಗ್ಲಿಷಿನಲ್ಲಿ ಮಾತ್ರ ಸ್ವೀಕರಿಸಲಾಗುತ್ತದೆ. ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ.

ಸಂಗತಿ ಹೀಗಿದೆ. ಸೋಮವಾರ ಕಚೇರಿಯವರು ನಮ್ಮತ್ತೆಯ ಲಾಂಡ್ರಿಯ ಮುಂದೆ ಯಂತ್ರ ತಂದು, ಪೈಪು ಎಲ್ಲಿದೆ ಎಂದು ಹುಡುಕಲು ಅಗೆದರು. ಸಿಕ್ಕಿತು. ಎರಡು ತುಂಡಾಗಿ ಸಿಕ್ಕಿತು. ಅತ್ತೆಯ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಒಳಗೆ ಆಸ್ಪತ್ರೆಯ ಎಂಬತ್ತು ಹಾಸುಬಟ್ಟೆ ಗುಡ್ಡೆ ಬಿದ್ದಿದ್ದವು. ಶನಿವಾರದೊಳಗೆ ಒಗೆದು ಕೊಡದಿದ್ದರೆ ಆಸ್ಪತ್ರೆಯವರು ಬೇರೆ ಲಾಂಡ್ರಿ ನೋಡಿಕೊಳ್ಳುತ್ತಾರೆ. ಅತ್ತೆಗೆ ಇದ್ದದ್ದು ಅದೊಂದೇ ಖಾಯಂ ಗಿರಾಕಿ.

ಮಂಗಳವಾರ ನೋಟೀಸು ಬಂತು. “ತಮ್ಮ ಅಂಗಡಿಗೆ ಹೋಗುವ ಪೈಪು, ಕಚೇರಿಯ ಯಂತ್ರವು ಅಗೆಯುತ್ತಿದ್ದ ಸ್ಥಳದಲ್ಲಿ ಅಡ್ಡಲಾಗಿ ಮಲಗಿದ್ದು, ಯಂತ್ರದ ಒಂದು ಹಲ್ಲಿಗೆ ಧಕ್ಕೆಯುಂಟಾಗಿರುತ್ತದೆ. ತಾವು ನಮೂನೆ ಒಂಬತ್ತರಲ್ಲಿ ತಪ್ಪೊಪ್ಪಿಕೊಂಡ ಕೂಡಲೇ ನೀರು ಬಿಡಲಾಗುವುದು.”

“ಆ ಪೈಪು ಹಾಕಿದ್ಯಾರೋ?” ಅಂದಳು ಅತ್ತೆ.

“ಕಚೇರಿಯವರು.”

“ಒಡೆದಿದ್ದು?”

“ಅವರೇ.”

“ಮತ್ತೆ ನಾನೇನೋ ಮಾಡ್ದೆ?”

“ನೀನು ನಲ್ಲಿ ತಿರುಗಿಸ್ದೆ ಅತ್ತೆ.”

ತಲೆಗೊಂದು ಮೊಟಕಿ ನನ್ನನ್ನೂ ಕರೆದುಕೊಂಡು ಹೊರಟಳು. ಒಂಬತ್ತನೇ ತರಗತಿಯನ್ನು ಎರಡು ಸಲ ಓದಿರುವುದರಿಂದ ನನಗೆ ಇಂಗ್ಲಿಷ್ ಇತರರಿಗಿಂತ ದುಪ್ಪಟ್ಟು ಬರುತ್ತದೆ.

ಕಚೇರಿಯಲ್ಲಿ ಐದು ಕಿಟಕಿ, ಐದರ ಹಿಂದೆಯೂ ಒಬ್ಬನೇ ಗುಮಾಸ್ತ. ಕೈಗೆ ಬಂದ ಕಾಗದವನ್ನು ಬಿಡದ ಕಾರಣ ಊರವರು ಅವನನ್ನು ಗೋಂದು ಎಂದು ಕರೆಯುತ್ತಾರೆ. ನಮೂನೆ ಒಂಬತ್ತರಲ್ಲಿ ಐದು ಚೌಕಗಳಿದ್ದವು: ಅಡ್ಮಿಟ್, ಕನ್ಫೆಸ್, ಕನ್ಸೀಡ್, ಯೀಲ್ಡ್, ಸರೆಂಡರ್.

“ಎಲ್ಲಾ ಒಂದೇ ಅಲ್ವಾ ಸಾರ್?” ಅಂದೆ.

ಗೋಂದು ಕನ್ನಡಕ ಒರೆಸಿಕೊಂಡ. “ಒಂದೇ ಆಗಿದ್ರೆ ಐದು ಕಿಟಕಿ ಯಾಕಪ್ಪಾ ಇಡ್ತಿದ್ವಿ? ಕೇಳಿಸ್ಕೊಳ್ಳಿ ಅಮ್ಮ. ನೀವು ತಪ್ಪು ಮಾಡಿದ್ದನ್ನ ನಾವು ನೋಡಿದ್ರೆ ಅಡ್ಮಿಟ್. ನಾವು ನೋಡದೆ ನೀವೇ ಬಂದು ಹೇಳಿದ್ರೆ ಕನ್ಫೆಸ್. ತಪ್ಪೇ ಮಾಡಿಲ್ಲ, ಆದ್ರೂ ವಾದ ಮಾಡಿ ಮಾಡಿ ಗಂಟಲು ಒಣಗಿದೆ ಅಂದ್ರೆ ಕನ್ಸೀಡ್. ನಿಂತಲ್ಲಿಂದ ಪಕ್ಕಕ್ಕೆ ಸರಿದ್ರೆ ಯೀಲ್ಡ್.”

“ಸರೆಂಡರ್?”

“ಅದಕ್ಕೆ ಎರಡೂ ಕೈ ಮೇಲೆತ್ತಿರಬೇಕು. ಕೈ ಮೇಲಿರೋದ್ರಿಂದ ನೀವು ಸಹಿ ಹಾಕೋ ಹಾಗಿಲ್ಲ. ಬೇರೆಯವರು ಹಾಕ್ಬೇಕು. ಹೊರಗೆ ಮರದ ಕೆಳಗೆ ಕೂತಿದಾನಲ್ಲ, ಅವನು ಹಾಕಿಕೊಡ್ತಾನೆ. ನನ್ನ ಬಾಮೈದ. ಕೈ ಬಿಸಿ ಮಾಡಿದ್ರೆ ಬೇಗ ಹಾಕ್ತಾನೆ.”

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಅಲ್ಲ ಸ್ವಾಮಿ, ಪೈಪು ಒಡೆದೋರು ನೀವು. ನೀವು ಒಪ್ಕೊಳ್ಳೋಕೆ ಯಾವ ಪದ?”

“ನಮ್ಮ ಹತ್ರ ರಿಗ್ರೆಟ್ ಇದೆ. ಆದ್ರೆ ಅದನ್ನ ನಿಮ್ಮ ಅರ್ಜಿ ತಿರಸ್ಕರಿಸೋವಾಗ ಮಾತ್ರ ಬಳಸ್ತೀವಿ. ಇನ್ನೊಂದು ಕೆಪಿಟ್ಯುಲೇಟ್ ಅಂತ ಇದೆ, ಪೂರ್ತಿ ಮಣಿದೆ ಅಂತ ಅರ್ಥ. ಅದು ಸಾಹೇಬರಿಗೆ ಮೀಸಲು. ಬೀರುವಿನಲ್ಲಿದೆ. ಇನ್ನೂ ಕವರೇ ಹರಿದಿಲ್ಲ, ಹೊಚ್ಚ ಹೊಸದಾಗೇ ಇದೆ.”

ಅತ್ತೆಗೆ ಎಂಬತ್ತು ಹಾಸುಬಟ್ಟೆ ನೆನಪಾಯಿತು. ನನ್ನ ಜೇಬಿನ ಪೆನ್ನು ಕಿತ್ತುಕೊಂಡು ಐದೂ ಚೌಕಕ್ಕೆ ಗುರುತು ಹಾಕಿ ಕಿಟಕಿಯೊಳಗೆ ತಳ್ಳಿದಳು. “ತಗೊಳ್ಳಿ! ಯಾವುದು ಬೇಕೋ ಆರಿಸ್ಕೊಳ್ಳಿ, ನೀರು ಬಿಡಿ!”

ಕಚೇರಿಯ ಇತಿಹಾಸದಲ್ಲಿ ಹೀಗಾದದ್ದು ಇದೇ ಮೊದಲು. ಮಧ್ಯಾಹ್ನ ಸಭೆ ಸೇರಿತು. ಬುಧವಾರ ಆದೇಶ ಹೊರಬಿತ್ತು. “ಅರ್ಜಿದಾರರು ಐದು ಬಗೆಯಲ್ಲಿ ಒಪ್ಪಿಕೊಂಡಿರುವುದರಿಂದ ಐದು ತಪ್ಪುಗಳು ಸಾಬೀತಾಗಿರುತ್ತವೆ. ತಪ್ಪಿಗೊಂದರಂತೆ ಐದು ನಲ್ಲಿ ಬಂದ್ ಮಾಡತಕ್ಕದ್ದು. ಅರ್ಜಿದಾರರಲ್ಲಿ ಒಂದೇ ನಲ್ಲಿ ಇರುವುದರಿಂದ, ಉಳಿದ ನಾಲ್ಕನ್ನು ಅಕ್ಕಪಕ್ಕದವರಿಂದ ಭರ್ತಿ ಮಾಡಿಕೊಳ್ಳತಕ್ಕದ್ದು.”

ಕ್ಷೌರದಂಗಡಿಯವನು, ಟೀ ಅಂಗಡಿಯವನು, ನರ್ಸಮ್ಮ, ನಿವೃತ್ತ ಮೇಷ್ಟ್ರು, ನಾಲ್ವರ ನಲ್ಲಿಯೂ ಒಣಗಿತು. ಕ್ಷೌರದವನ ಜೊತೆ ಅರ್ಧ ಗಡ್ಡಕ್ಕೆ ನೊರೆ ಮೆತ್ತಿಕೊಂಡಿದ್ದ ಗಿರಾಕಿಯೂ ಕಚೇರಿಗೆ ಬಂದ.

“ನಿಮ್ಮತ್ತೆ ಎಷ್ಟಕ್ಕೆ ಗುರುತು ಹಾಕಿದ್ಲೋ?” ಮೇಷ್ಟ್ರು ಕೇಳಿದರು.

“ಐದಕ್ಕೂ ಸಾರ್.”

“ಹಾಗಾದ್ರೆ ನಾವೂ ಐದಕ್ಕೂ ಹಾಕೋಣ. ಒಂದು ಕಮ್ಮಿ ಮಾಡಿ ಯಾಕೆ ಕೆಟ್ಟೋರಾಗ್ಬೇಕು?”

ನಾಲ್ವರು, ತಲಾ ಐದು. ಗುರುವಾರ ಇಡೀ ಬೀದಿ ಒಣಗಿತು. ಬೀದಿಯವರೂ ಐದೈದು ಹಾಕಿದರು. ಶುಕ್ರವಾರ ಮಧ್ಯಾಹ್ನಕ್ಕೆ ಊರಿನ ನಲ್ಲಿಗಳೇ ಮುಗಿದವು, ತಪ್ಪುಗಳು ಮಾತ್ರ ಇನ್ನೂ ಉಳಿದಿದ್ದವು. ಗೋಂದು ಪಟ್ಟಿ ತಿರುವಿ ಹಾಕಿದಾಗ ಬಂದ್ ಆಗದ ಒಂದೇ ನಲ್ಲಿ ಸಿಕ್ಕಿತು, ಕಚೇರಿಯದ್ದು. ನಿಯಮ ಎಂದರೆ ನಿಯಮ. ಅದನ್ನೂ ಬಂದ್ ಮಾಡಿದ. ನಾಲ್ಕು ಗಂಟೆಗೆ ಸಾಹೇಬರಿಗೆ ಟೀ ಬರಲಿಲ್ಲ.

“ಏನ್ರೀ ಇದು?”

“ನಾವೂ ನಮೂನೆ ಒಂಬತ್ತು ತುಂಬಬೇಕು ಸಾರ್.”

“ನಾವು ತಪ್ಪು ಮಾಡಿದೀವೇನ್ರೀ?”

“ಛೆ ಛೆ, ಎಲ್ಲಾದ್ರೂ ಉಂಟಾ ಸಾರ್!”

ಸಾಹೇಬರು ಒಣಗಿದ ಲೋಟವನ್ನು ದಿಟ್ಟಿಸಿದರು. “ಬೀರು ತೆಗೀರಿ.”

ಕೆಪಿಟ್ಯುಲೇಟ್ ಹೊರಬಂತು. ಸಾಹೇಬರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೀದಿಗಿಳಿದು, ಅತ್ತೆಯ ಲಾಂಡ್ರಿಯ ಮುಂದೆ ನಿಂತು ಗಟ್ಟಿಯಾಗಿ ಓದಿದರು: ಪೈಪು ಒಡೆದವರು ನಾವು. ಓದಿ ಮುಗಿಯುವಷ್ಟರಲ್ಲಿ ನಲ್ಲಿ ಕೆಮ್ಮಿತು, ನೀರು ದಬದಬ ಸುರಿಯಿತು. ಶನಿವಾರ ಹತ್ತು ಗಂಟೆಗೆ ಎಂಬತ್ತು ಹಾಸುಬಟ್ಟೆ ತಂತಿಯ ಮೇಲೆ ಹಾರಾಡುತ್ತಿದ್ದವು.

ಇಷ್ಟು ಬರೆದು ಅತ್ತೆಗೆ ಓದಿ ಹೇಳಿದೆ. ಕೇಳಿಸಿಕೊಂಡು, “ಲೋ ಕೋತಿ, ಬೀರು ತೆಗೆದಿದ್ದು ಯಾವಾಗ್ಲೋ?” ಅಂದಳು.

ತೆಗೆಯಲಿಲ್ಲ. ‘ಬೀರು ತೆಗೀರಿ’ ಎಂಬಲ್ಲಿಂದ ಮುಂದಿನದೆಲ್ಲ ನಾನು ಕಟ್ಟಿದ್ದು. ನಿಜವಾಗಿ ಸಾಹೇಬರು ಒಂದು ಟ್ಯಾಂಕರ್ ತರಿಸಿಕೊಂಡು ಟೀ ಕುಡಿದರು. ಶನಿವಾರ ಆಸ್ಪತ್ರೆಯ ಗಾಡಿ ಬಂದು ಎಂಬತ್ತು ಹಾಸುಬಟ್ಟೆಯನ್ನು ಕೊಳೆಯಾಗಿಯೇ ಹೇರಿಕೊಂಡು ಹೋಯಿತು. ಅತ್ತೆ ಈಗ ಮರದ ಕೆಳಗೆ ಗೋಂದುವಿನ ಬಾಮೈದನ ಪಕ್ಕ ಕೂತು, ಕೈ ಎತ್ತಿದವರ ಪರವಾಗಿ ಸಹಿ ಹಾಕಿ ಕೊಡುತ್ತಾಳೆ. ಅವಳ ಅಕ್ಷರ ಚೆನ್ನಾಗಿದೆಯೆಂದು ಸಾಲು ಉದ್ದ. ಪೈಪು ಒಡೆದವರು ಯಾರು ಎಂದು ಈಗ ಯಾರೂ ಕೇಳುವುದಿಲ್ಲ. ಸಾಲಿನಲ್ಲಿ ಜಗಳವೆಲ್ಲ ಒಂದೇ: “ನೀವು ಕನ್ಸೀಡ್ ಹಾಕಿದ್ರಾ? ಅಯ್ಯೋ ಪೆದ್ದಪ್ಪ, ಯೀಲ್ಡ್ ಹಾಕ್ಬೇಕಿತ್ತು!”

ಕೊನೆಯಲ್ಲಿ ಸುಳ್ಳು ಬರೆದದ್ದನ್ನು ನಾನೂ ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಯಾವ ಕಿಟಕಿ ಎಂದು ಅತ್ತೆಯನ್ನೇ ಕೇಳಿದೆ. “ನೀನು ಮನೆಯವನು, ಐದಕ್ಕೂ ಹಾಕು” ಅಂದಳು.