ಜೇಬಿನ ಹಕ್ಕೂ ತಲೆಕೆಳಗಿನ ಹಕ್ಕಿಯೂ

ನನ್ನ ಅಂಗಿಗೆ ಒಂದು ಜೇಬಿದೆ, ಪ್ಯಾಂಟಿಗೆ ನಾಲ್ಕಿವೆ. ಅವುಗಳಲ್ಲಿ ಒಂದೂ ನನ್ನದಲ್ಲ. ಹೆಸರಿಗೆ ಮಾಲೀಕ ನಾನೇ (ಒಗೆದು ಇಸ್ತ್ರಿ ಮಾಡುವವನೂ ನಾನೇ), ಆದರೆ ಸ್ವಾಧೀನ ಮಾತ್ರ ಆರು ವರ್ಷದ ಮಗಳದ್ದು. ಮನೆಯಲ್ಲಿ ಅವಳಿಗೆ ಉಗ್ರಾಣಿ ಎಂದು ಅಡ್ಡಹೆಸರು. ದಾರಿಯಲ್ಲಿ ಬಿದ್ದ ಯಾವ ವಸ್ತುವನ್ನೂ ಅನಾಥವಾಗಿ ಬಿಟ್ಟುಬರುವ ಜಾಯಮಾನ ಅವಳದಲ್ಲ. ನುಣುಪು ಕಲ್ಲು, ಬಸವನ ಹುಳುವಿನ ಚಿಪ್ಪು, ಬಾಟಲಿ ಮುಚ್ಚಳ, ಅರ್ಧ ತಿಂದ ಬಿಸ್ಕತ್ತು, ಎಲ್ಲವೂ "ಅಪ್ಪಾ, ಸ್ವಲ್ಪ ಹೊತ್ತು ಇಟ್ಕೊಂಡಿರು" ಎಂಬ ಮಾತಿನೊಂದಿಗೆ ನನ್ನ ಜೇಬಿಗೆ ಬೀಳುತ್ತವೆ. ಆ 'ಸ್ವಲ್ಪ ಹೊತ್ತು' ಮುಗಿದದ್ದನ್ನು ನಾನು ಈವರೆಗೆ ಕಂಡಿಲ್ಲ.

ಇದನ್ನೂ ಸಹಿಸಿಕೊಂಡಿದ್ದೆ. ಆದರೆ ಮೊನ್ನೆ ಕಚೇರಿಯಲ್ಲಿ ಮಾನ ಹೋಯಿತು. ನಾನು ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಹೊರಗಿನಿಂದ ಯಾರೋ ದೊಡ್ಡ ಮನುಷ್ಯರು ಬಂದಿದ್ದರು. ಮೇಲಧಿಕಾರಿಗಳು ಮೇಜಿನ ಮೇಲೆ ನಕ್ಷೆ ಹರಡಿ, "ನದಿ ಎಲ್ಲಿ ತಿರುಗುತ್ತೆ, ಇವರಿಗೆ ಸ್ವಲ್ಪ ತೋರಿಸಿ" ಎಂದರು. ನಾನು ಗತ್ತಿನಿಂದ ಜೇಬಿಗೆ ಕೈ ಹಾಕಿ, ಪೆನ್ಸಿಲು ಎಳೆದು, ನದಿಯ ತಿರುವಿನ ಮೇಲೆ ಇಟ್ಟೆ. ಎಲ್ಲರೂ ಬಗ್ಗಿ ನೋಡಿದರು. ನನ್ನ ಬೆರಳುಗಳ ನಡುವೆ ಗೊಂಬೆಯ ಕಾಲೊಂದು ನದಿಯಲ್ಲಿ ಇಳಿದು ನಿಂತಿತ್ತು. ಅದಕ್ಕೊಂದು ಕೆಂಪು ಬೂಟು ಬೇರೆ.

"ಆಳ ನೋಡ್ತಾ ಇದ್ದೀರಾ?" ಎಂದರು ಮೇಲಧಿಕಾರಿಗಳು.

ಸಂಜೆ ಮನೆಗೆ ಬಂದವನೇ ಮಗಳನ್ನು ಕೂರಿಸಿಕೊಂಡು, "ನಿನ್ನ ಸಾಮಾನು ನಿನ್ನ ಜೇಬಲ್ಲೇ ಇಟ್ಕೋಬಾರದೇನಮ್ಮಾ?" ಎಂದೆ. ಅವಳು ಫ್ರಾಕನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, "ಎಲ್ಲಿದೆ ಜೇಬು?" ಎಂದಳು.

ಹೌದಲ್ಲ! ನನಗೆ ಕುತೂಹಲ ಎಂಬ ಕಾಯಿಲೆ ಇದೆ. ಒಮ್ಮೆ ತಲೆಗೆ ಹುಳ ಹೊಕ್ಕರೆ ಅದು ಹೊರಬರುವ ತನಕ ಊಟ ಸೇರುವುದಿಲ್ಲ. ಅವಳ ಫ್ರಾಕುಗಳನ್ನೆಲ್ಲ ಕಪಾಟಿನಿಂದ ತೆಗೆದು ಹಾಸಿಗೆಯ ಮೇಲೆ ಸುರಿದು ತಪಾಸಣೆ ಮಾಡಿದೆ. ಒಂದಕ್ಕೂ ಜೇಬಿಲ್ಲ. ಒಂದರ ಸೊಂಟದ ಬಳಿ ಜೇಬಿನ ಮುಚ್ಚಳವೊಂದು ಕಂಡು ಸಂತೋಷದಿಂದ ಎತ್ತಿ ನೋಡಿದರೆ, ಅದರ ಕೆಳಗೆ ಏನೂ ಇರಲಿಲ್ಲ. ಮನೆಯೇ ಇಲ್ಲದ ಕಡೆ ಬಾಗಿಲು ನಿಲ್ಲಿಸಿದ್ದರು! ಮಾರನೆಯ ದಿನ ಬಟ್ಟೆ ಅಂಗಡಿಗೇ ಹೋಗಿ ವಿಚಾರಿಸಿದೆ.

"ಹೆಣ್ಣುಮಕ್ಕಳ ಫ್ರಾಕಿಗೆ ಜೇಬು ಯಾಕಿಲ್ಲ?"

"ಅದು ಫ್ರಾಕಲ್ವಾ ಸಾರ್?"

"ಫ್ರಾಕಾದ್ರೆ ಯಾಕಿರಬಾರದು?"

"ಫ್ರಾಕಿಗೆ ಇರಲ್ಲ ಸಾರ್."

ಇನ್ನೊಂದು ಸುತ್ತು ಕೇಳುತ್ತಿದ್ದೆ. ಹಿಂದೆ ನಿಂತಿದ್ದ ಗಿರಾಕಿಗಳು ಜೋರಾಗಿ ಕೆಮ್ಮಿದ್ದರಿಂದ ಕಾಲ್ಕಿತ್ತೆ.

ಈ ಮಹಾ ಸಂಶೋಧನೆಯನ್ನು ಹೆಂಡತಿಯ ಮುಂದೆ ಮಂಡಿಸಿದೆ. ಅವಳು ಓದುತ್ತಿದ್ದ ಪೇಪರಿನಿಂದ ತಲೆ ಎತ್ತಲಿಲ್ಲ. "ಇದನ್ನ ಕಂಡುಹಿಡಿಯೋಕೆ ನಿಮಗೆ ಇಷ್ಟು ವರ್ಷ ಬೇಕಾಯ್ತಾ? ನನ್ನ ಬಟ್ಟೆಗೆ ಎಲ್ಲಿದೆ ಜೇಬು? ಮದುವೆಯಾದಾಗಿಂದ ಮನೆ ಬೀಗದ ಕೈ ಯಾರ ಜೇಬಲ್ಲಿದೆ?" ಎಂದಳು. ನಾನು ನಾಲಗೆ ಕಚ್ಚಿಕೊಂಡೆ. ಆಗ ಅವಳೇ ಕನಿಕರಪಟ್ಟು ಫೋನಿನಲ್ಲಿ ಏನನ್ನೋ ತೆಗೆದು ತೋರಿಸಿದಳು.

ಅದೊಂದು ಹೊಸ ಲೋಕ. ದೊಡ್ಡ ಕಂಪನಿಗಳ ಹಂಗಿಲ್ಲದೆ, ತಮ್ಮ ಪಾಡಿಗೆ ಮನೆಯಲ್ಲಿ ಕೂತು ಮಕ್ಕಳ ಬಟ್ಟೆಯ ಪ್ಯಾಟರ್ನ್ ಬಿಡಿಸಿ ಮಾರುವ ಸ್ವತಂತ್ರ ವಿನ್ಯಾಸಕಿಯರು ಇಷ್ಟೊಂದು ಜನ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬಾಕೆ ಮೊದಲು ಸೇತುವೆ ಕಟ್ಟುವ ಕೆಲಸದಲ್ಲಿದ್ದವಳಂತೆ. ಇನ್ನೊಬ್ಬಾಕೆ, ಜೇಬಿನಲ್ಲಿಟ್ಟ ವಸ್ತು ಬೀಳುತ್ತದೋ ಇಲ್ಲವೋ ನೋಡಲು ತನ್ನ ಮಗಳನ್ನು ಮರ ಹತ್ತಿಸಿ, ತಲೆಕೆಳಗಾಗಿ ಜೋತುಬೀಳಿಸಿ ಪರೀಕ್ಷೆ ಮಾಡಿದ್ದಾಳಂತೆ. ನನ್ನಂಥದೇ ತಲೆ! ಅವಳ ಫ್ರಾಕಿನ ಪ್ಯಾಟರ್ನನ್ನೇ ಕೊಂಡೆವು.

"ಪ್ಯಾಟರ್ನ್ ಅಂದ್ರೆ ಏನು ಬರುತ್ತೆ?" ಎಂದೆ.

"ಗೆರೆ ಬರುತ್ತೆ. ಹಾಳೆ ಮೇಲೆ ಮುದ್ರಿಸಿಕೊಂಡು, ಗುರುತಿಗೆ ಗುರುತು ಕೂಡಿಸಿ ಅಂಟಿಸಿ, ಬಟ್ಟೆ ಮೇಲಿಟ್ಟು ಕತ್ತರಿಸೋದು."

"ಅಂದ್ರೆ ನಕ್ಷೆ!"

"ನಕ್ಷೆ ಅಲ್ಲ ರೀ, ಪ್ಯಾಟರ್ನ್."

"ಗುರುತಿಗೆ ಗುರುತು ಕೂಡಿಸಿ ಅಂಟಿಸಿದ್ರೆ ಅದು ನಕ್ಷೆನೇ ಕಣೇ. ಇದು ನನ್ನ ಇಲಾಖೆ. ನೀನು ಕೈ ಹಾಕ್ಬೇಡ, ಫ್ರಾಕು ನಾನೇ ಹೊಲೀತೀನಿ."

"ನಿಮಗೆ ಗುಂಡಿ ಹಾಕೋಕೂ ಬರಲ್ಲ."

"ಗುಂಡಿ ಬೇರೆ, ಭೂಗೋಳ ಬೇರೆ."

ಹೆಂಡತಿಗೆ ಹೊಲಿಗೆ ಚೆನ್ನಾಗಿ ಬರುತ್ತದೆ. ಹಾಗಾಗಿಯೇ ಅವಳು ಹೆಚ್ಚು ವಾದಿಸಲಿಲ್ಲ, ಒಂದೇ ಒಂದು ಎಚ್ಚರಿಕೆ ಕೊಟ್ಟಳು. "ಮಗಳು ಆರಿಸಿರೋ ಬಟ್ಟೆ ಅಂಗಡೀಲಿ ಮುಗಿದುಹೋಗಿದೆ. ಇರೋದು ಇದೊಂದೇ ತುಂಡು. ನೋಡ್ಕೊಂಡು ಮಾಡಿ." ನೀಲಿ ಬಟ್ಟೆ, ತುಂಬ ಹಳದಿ ಹಕ್ಕಿಗಳು. ತಂದ ದಿನದಿಂದ ಮಗಳು ಅದನ್ನೇ ಹೊದ್ದು ಮಲಗುತ್ತಿದ್ದಳು.

ಅಷ್ಟರಲ್ಲಿ ಸುದ್ದಿ ಶಾಲೆಗೆ ಮುಟ್ಟಿಯಾಗಿತ್ತು. ಶನಿವಾರ ಅವಳ ತರಗತಿಯಲ್ಲಿ ಮಕ್ಕಳು ತಾವು ಕೂಡಿಟ್ಟ ವಸ್ತುಗಳನ್ನು ತಂದು ಎಲ್ಲರಿಗೂ ತೋರಿಸಬೇಕು. ನಮ್ಮ ಉಗ್ರಾಣಿ ಎದ್ದುನಿಂತು, ಅಪ್ಪ ಹೊಲಿದ ಜೇಬಿನ ಫ್ರಾಕು ಹಾಕಿಕೊಂಡು ಬಂದು ಕಲ್ಲು ತೋರಿಸುತ್ತೇನೆ ಎಂದು ಘೋಷಿಸಿದ್ದಳು. ಪಕ್ಕದಲ್ಲಿ ಕೂರುವ, ಎರಡು ಜಡೆಯ ಹುಡುಗಿ "ಅಪ್ಪಂದಿರು ಫ್ರಾಕು ಹೊಲಿಯಲ್ಲ" ಎಂದು ನಕ್ಕಿದ್ದಳಂತೆ. "ನಮ್ಮಪ್ಪ ಹೊಲೀತಾರೆ ಅಂದೆ. ಹೊಲೀತೀಯಲ್ಲಪ್ಪಾ?" ಎಂದು ಮಗಳು ನನ್ನ ಮುಖವನ್ನೇ ನೋಡಿದಳು. ಆ ನೋಟಕ್ಕೆ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ.

ಹಾಳೆಗಳನ್ನು ಅಂಟಿಸಿ ನಡುಮನೆಯ ನೆಲದ ಮೇಲೆ ಹರಡಿದಾಗ ರೋಮಾಂಚನವಾಯಿತು. ಪ್ರತಿ ತುಂಡಿನ ಸುತ್ತ ಗೆರೆಯೊಳಗೆ ಗೆರೆ, ಅದರೊಳಗೆ ಮತ್ತೊಂದು ಗೆರೆ. ಬೆಟ್ಟದ ಎತ್ತರ ತೋರಿಸಲು ನಾವು ನಕ್ಷೆಯಲ್ಲಿ ಹಾಕುವುದೂ ಹೀಗೆಯೇ. ಮಗಳು ಬಗ್ಗಿ ನೋಡಿ, "ಅಪ್ಪಾ, ಈರುಳ್ಳಿ!" ಎಂದಳು.

"ಒಂದೊಂದು ಗೆರೆ ಒಂದೊಂದು ವಯಸ್ಸಿನ ಮಕ್ಕಳಿಗೆ. ಯಾವ ಗೆರೆ ಯಾರಿಗೆ ಅಂತ ಕೆಳಗೆ ಮೂಲೇಲಿ ಬರೆದಿದ್ದಾರೆ, ಓದ್ಕೊಳ್ಳಿ" ಎಂದಳು ಹೆಂಡತಿ.

ನಕ್ಷೆಯ ಮೂಲೆಯಲ್ಲಿ ಯಾವ ಗೆರೆಗೆ ಏನರ್ಥ ಎಂದು ಬರೆಯುವ ಆ ಪೆಟ್ಟಿಗೆ ಇದೆಯಲ್ಲ, ಅದನ್ನು ಬರೆಯುವುದೇ ನನ್ನ ಹೊಟ್ಟೆಪಾಡು. ಜನ ಅದನ್ನು ಓದುವುದೇ ಇಲ್ಲವೆಂದು ಗೊಣಗುವುದು ನನ್ನ ಹವ್ಯಾಸ. ಆದರೆ ಬರೆಯುವವನೇ ಕೂತು ಓದುವುದೆಂದರೇನು? ಘನತೆ ಬೇಡವೇ? ಮಗಳಿಗೆ ಆರು ವರ್ಷ, ಒಳಗಿನಿಂದ ಆರನೆಯ ಗೆರೆ. ಇದಕ್ಕಿಂತ ಸರಳವಾದ ಲೆಕ್ಕ ಇನ್ನೇನಿದೆ ಎಂದುಕೊಂಡೆ.

ಯಾವುದಕ್ಕೂ ಇರಲಿ ಎಂದು ಅಳತೆಗೆ ಟೇಪು ತಂದೆ. ಕಂಕುಳ ಕೆಳಗೆ ಟೇಪು ತಾಗಿದ್ದೇ ತಡ, ಮಗಳು ಕಚಗುಳಿಗೆ ನಕ್ಕಳು, ನಕ್ಕು ನಕ್ಕು ಬಿದ್ದಳು, ಬಿದ್ದ ಏಟಿಗೆ ಅತ್ತಳು. ಅಡುಗೆಮನೆಯಿಂದ ಹೆಂಡತಿ, "ಅಳೆದಾಯ್ತಾ?" ಎಂದಳು. "ಅತ್ತು ಮುಗೀಲಿ ತಡಿ, ಆಮೇಲೆ ಅಳೀತೀನಿ" ಎಂದೆ. ಅಳು ಮುಗಿಯುವಷ್ಟರಲ್ಲಿ ಟೇಪು ಅವಳ ಉಗ್ರಾಣ ಸೇರಿತ್ತು. ಅಂದರೆ ನನ್ನ ಜೇಬೇ, ಆದರೆ ಯಾವ ಜೇಬು ಎಂದು ತಿಳಿಯಲಿಲ್ಲ.

ಕತ್ತರಿ ಹಿಡಿದ ದಿನ ಮಗಳು ಶಾಲೆಗೆ ಹೋಗಿದ್ದಳು. ಅಂಗಿಯ ಭಾಗಗಳಿಗೂ ಅಂಗಗಳಿಗೂ ಒಂದೇ ಹೆಸರಿರುವುದು ಎಂಥ ಅಪಾಯ ಎಂದು ಗೊತ್ತಾದದ್ದು ಆಗಲೇ. ಹೆಂಡತಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ನಾನು ಕಿಟಕಿಯಿಂದ ಕೂಗಿದೆ.

"ಕುತ್ತಿಗೆ ಕತ್ತರಿಸಿಬಿಟ್ಟೆ ಕಣೇ! ಇನ್ನು ತೋಳು ಕತ್ತರಿಸ್ಲಾ?"

"ಬೆನ್ನು ಸೀಳಿದ್ರಾ?"

"ಇಲ್ಲ."

"ಮೊದ್ಲು ಬೆನ್ನು ಸೀಳಿ. ತೋಳು ಆಮೇಲೆ. ಸಣ್ಣ ಮಗೂದು, ಹುಷಾರು!"

ಎರಡೇ ನಿಮಿಷದಲ್ಲಿ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಬಾಗಿಲಲ್ಲಿದ್ದರು. ಕೈಯಲ್ಲಿ ಊರುಗೋಲು, ಮುಖದಲ್ಲಿ ರಕ್ತವಿಲ್ಲ. "ಸ್ವಲ್ಪ ಗೋಂದು ಸಿಗುತ್ತಾ ಅಂತ ಬಂದೆ" ಎಂದವರ ಕಣ್ಣು ನನ್ನ ಕತ್ತರಿಯ ಮೇಲೇ ಇತ್ತು. "ಮಗು... ಎಲ್ಲಿ?"

"ಶಾಲೇಲಿ ಸಾರ್."

ಅವರು ಕುರ್ಚಿಯಲ್ಲಿ ಕುಸಿದು ನೀರು ಕೇಳಿದರು. ನೀರು ಕುಡಿದು, ನೆಲದ ಮೇಲೆ ಬಿದ್ದಿದ್ದ ಕುತ್ತಿಗೆ, ತೋಳುಗಳನ್ನು ಕಣ್ಣಾರೆ ನೋಡಿದ ಮೇಲೆಯೇ ಎದ್ದುಹೋದರು, ಗೋಂದನ್ನು ಮರೆತು.

ಹೊಲಿಯುವುದನ್ನು ಹೆಂಡತಿ ಚಿಂದಿ ಬಟ್ಟೆಯ ಮೇಲೆ ಹೇಳಿಕೊಟ್ಟಳು, ಫ್ರಾಕನ್ನು ಮಾತ್ರ ಮುಗಿಯುವ ತನಕ ನಾನು ಅವಳಿಗೆ ತೋರಿಸಲಿಲ್ಲ. ಯಂತ್ರ ನನ್ನ ಕಾಲಿನ ಮಾತು ಕೇಳುತ್ತಿತ್ತು, ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ದಾರ ಸಿಕ್ಕಿದಾಗ ದಾರಿ ತಪ್ಪುತ್ತಿತ್ತು, ದಾರಿಗೆ ಬಂದೆ ಎನ್ನುವಾಗ ದಾರ ಕಿತ್ತುಹೋಗುತ್ತಿತ್ತು. ಆದರೂ ಆ ಜೇಬು ಹುಟ್ಟುವ ಕ್ರಮ ಇದೆಯಲ್ಲ, ಅದನ್ನು ನೋಡಿಯೇ ತಿಳಿಯಬೇಕು. ಎರಡು ಚಪ್ಪಟೆ ತುಂಡುಗಳನ್ನು ಸೇರಿಸಿ ಹೊಲಿದು ಒಳಗಿನದನ್ನು ಹೊರಗೆ ತಿರುಗಿಸಿದೆ, ಇಲ್ಲದಿದ್ದ ಕಡೆ ಒಂದು ಜಾಗ ಹುಟ್ಟಿತು. ಅದರೊಳಗೆ ಕೈ ಹಾಕಿ ತೆಗೆದು, ಮತ್ತೆ ಹಾಕಿ ನೋಡಿದೆ. ಇಷ್ಟು ವರ್ಷ ಇದ್ದ ಜಾಗವನ್ನೇ ಕಾಗದದ ಮೇಲೆ ಬರೆದುಕೊಂಡು ಬಂದವನು, ಮೊದಲ ಸಲ ಇಲ್ಲದ ಜಾಗವನ್ನು ಮಾಡಿದ್ದೆ. ಆ ಖುಷಿಯಲ್ಲಿ ಬೇರೆ ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಶುಕ್ರವಾರ ಸಂಜೆ ಮಗಳಿಗೆ ಫ್ರಾಕು ತೊಡಿಸಿದೆವು. ಮಗಳು ಮಾಯವಾದಳು. ಫ್ರಾಕು ನೆಲಕ್ಕೆ ಹಾಸಿತ್ತು, ತೋಳುಗಳು ಖಾಲಿ ಜೋತಾಡುತ್ತಿದ್ದವು. ಒಳಗಿನಿಂದ "ಅಮ್ಮಾ, ಹೊರಗೆ ಬರೋ ದಾರಿ ಎಲ್ಲಿ?" ಎಂಬ ದನಿ ಕೇಳಿಸಿತು.

ಹೆಂಡತಿ ಪ್ಯಾಟರ್ನಿನ ಮೂಲೆಗೆ ಬಗ್ಗಿ ಓದಿದಳು. "ಎರಡು, ನಾಲ್ಕು, ಆರು, ಎಂಟು, ಹತ್ತು, ಹನ್ನೆರಡು. ಎರಡೆರಡು ವರ್ಷಕ್ಕೆ ಒಂದು ಗೆರೆ ರೀ! ನಿಮ್ಮ ಆರನೇ ಗೆರೆ ಹನ್ನೆರಡು ವರ್ಷದವಳದ್ದು!" ಆಮೇಲೆ ಫ್ರಾಕಿನ ಕಡೆ ತಿರುಗಿದವಳು ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ಹಕ್ಕಿಗಳಿಗೆ ಏನು ಮಾಡಿದ್ರಿ?"

ಹಕ್ಕಿಗಳೆಲ್ಲ ತಲೆ ಕೆಳಗೆ, ಕಾಲು ಮೇಲೆ. ನಕ್ಷೆಯಲ್ಲಿ ಉತ್ತರ ದಿಕ್ಕು ಮೇಲಿಲ್ಲದಿದ್ದರೆ ಕಿರಿಯರ ಮೇಲೆ ಹಾರಾಡುವ ನಾನು, ಬಟ್ಟೆ ಉಳಿತಾಯವಾಗಲಿ ಎಂದು ಪ್ಯಾಟರ್ನನ್ನು ತಿರುಗಿಸಿ ಇಟ್ಟಿದ್ದೆ. ಹೆಂಡತಿ ನಗಲು ಶುರುಮಾಡಿದಳು. ಅಷ್ಟರಲ್ಲಿ ಕುತ್ತಿಗೆಯಿಂದ ಮಗಳ ತಲೆ ಹೊರಬಂತು. ಅವಳು ನಗಲಿಲ್ಲ. "ನಾಳೆ ಶನಿವಾರ" ಎಂದಳು, ಅಷ್ಟೇ.

ನನಗೆ ನಾಚಿಕೆಯಾಯಿತು. ಗೊಂಬೆಯ ಕಾಲು ಹಿಡಿದು ಮೇಲಧಿಕಾರಿಗಳ ಮುಂದೆ ನಿಂತಾಗಲೂ ಇಷ್ಟು ಸಂಕಟವಾಗಿರಲಿಲ್ಲ.

ಹೆಂಡತಿ ನಗು ನುಂಗಿಕೊಂಡು ಪಿನ್ನಿನ ಡಬ್ಬಿ ತಂದಳು. "ಸಣ್ಣದಾಗಿದ್ರೆ ಗೊಂಬೆಗೆ ಹಾಕ್ಬೇಕಿತ್ತು. ದೊಡ್ಡದಾಗಿರೋದೇ ಪುಣ್ಯ" ಎನ್ನುತ್ತ ಭುಜದಲ್ಲಿ ಮಡಿಕೆ ಹಿಡಿದಳು, ಸೊಂಟದಲ್ಲಿ ನೆರಿಗೆ ಕೂಡಿಸಿದಳು, ಅಂಚನ್ನು ಎರಡು ಸಲ ಒಳಕ್ಕೆ ಮಡಿಚಿದಳು. "ಬೆಳೀತಾ ಬೆಳೀತಾ ಒಂದೊಂದೇ ಮಡಿಕೆ ಬಿಚ್ಚೋಣ, ಪುಟ್ಟಾ. ಆದ್ರೆ ಹಕ್ಕಿಗೆ ಮಾತ್ರ ನಾನೇನೂ ಮಾಡೋಕಾಗಲ್ಲ."

ಮಗಳು ತಲೆ ಬಗ್ಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಳು. ತುಂಬ ಹೊತ್ತು ನೋಡಿದಳು.

"ಅಮ್ಮಾ, ಹಕ್ಕಿ ನೆಟ್ಟಗೇ ಇದೆಯಲ್ಲಾ?"

ನಾನು ಅವಳ ಹಿಂದೆ ಮಂಡಿಯೂರಿ, ಅವಳ ಭುಜದ ಮೇಲಿಂದ ಕೆಳಗೆ ನೋಡಿದೆ. ಹೌದು! ಒಂದೊಂದು ಹಕ್ಕಿಯೂ ನೆಟ್ಟಗೆ ನಮ್ಮ ಕಡೆಗೇ ಹಾರಿ ಬರುತ್ತಿತ್ತು. ಹಾಗಾದರೆ ಇಷ್ಟು ದಿನ ಎಲ್ಲ ಬಟ್ಟೆಗಳ ಹಕ್ಕಿಗಳೂ ಎದುರಿಗೆ ನಿಂತವರಿಗಾಗಿ ಹಾರುತ್ತಿದ್ದವು, ತೊಟ್ಟವರನ್ನು ಯಾರೂ ಕೇಳಿರಲಿಲ್ಲ. "ನಾನು ಬೇಕಂತಲೇ ಹಾಗೆ ಇಟ್ಟೆ" ಎಂದೆ. ಇಬ್ಬರೂ ನಂಬಲಿಲ್ಲ. ಆದರೆ ಮಗಳು ಎರಡೂ ಕೈಗಳನ್ನು ಜೇಬಿಗೆ ಇಳಿಬಿಟ್ಟಳು. ಹನ್ನೆರಡು ವರ್ಷದವಳ ಜೇಬು, ಮೊಣಕೈ ತನಕ ಒಳಗೆ ಹೋಯಿತು. ಅವಳ ಮುಖ ಅರಳಿದ್ದು ಆಗ.

ಶನಿವಾರ ಮೂವರೂ ಶಾಲೆಗೆ ಹೋದೆವು. ತರಗತಿಯ ತುಂಬ ಮಕ್ಕಳು, ಗೋಡೆಗೆ ಒರಗಿ ತಾಯಿತಂದೆಯರು. ಉಗ್ರಾಣಿಯ ಸರದಿ ಬಂತು. ಅವಳು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು, ಒಂದು ಕಾಲು ಸ್ವಲ್ಪ ಮುಂದಿಟ್ಟು, ಹೊಟ್ಟೆ ಮುಂದೆ ಮಾಡಿ ನಿಂತಳು. ಎಲ್ಲೋ ನೋಡಿದ ಭಂಗಿ. ನಾನು ಹಾಗೆ ನಿಲ್ಲುತ್ತೇನೆಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

"ನಿನ್ನ ಕಲ್ಲುಗಳೆಲ್ಲಿ?" ಎಂದರು ಟೀಚರು.

"ಅಪ್ಪನ ಹತ್ರ ಇದೆ ಮಿಸ್."

ನಾನು ಗಾಬರಿಯಾಗಿ ಜೇಬು ಮುಟ್ಟಿ ನೋಡಿಕೊಂಡೆ. ಐದೂ ಜೇಬು ತುಂಬಿದ್ದವು. ಯಾವಾಗ ತುಂಬಿದಳೋ!

ಮಗಳ ಬಳಿ ಹೋಗಿ ಕಿವಿಯಲ್ಲಿ ಪಿಸುಗುಟ್ಟಿದೆ. "ಪುಟ್ಟಾ, ನಿನಗೆ ಜೇಬು ಹೊಲಿದು ಕೊಟ್ಟಿದ್ದೀನಲ್ಲಾ?"

"ಅದ್ರಲ್ಲಿ ಕೈ ಇದೆಯಲ್ಲಪ್ಪಾ" ಎಂದಳು ಅವಳು, ಇಷ್ಟೂ ತಿಳಿಯದೇ ಎಂಬಂತೆ. "ಹೊಸ ಜೇಬು. ಕಲ್ಲು ಹಾಕಿದ್ರೆ ಹರಿಯುತ್ತೆ. ನೀನು ಅಷ್ಟು ಕಷ್ಟಪಟ್ಟು ಹೊಲಿದಿದ್ದೀಯ." ಆಮೇಲೆ ತರಗತಿಗೆಲ್ಲ ಕೇಳುವಂತೆ, "ಮೊದಲು ಹೊಳೆ ಕಲ್ಲು ತೋರಿಸಪ್ಪಾ" ಎಂದಳು. ಥೇಟು ನಮ್ಮ ಮೇಲಧಿಕಾರಿಗಳ ದನಿ.

ತೋರಿಸಿದೆ. ಅವಳು ಒಂದೊಂದರ ಚರಿತ್ರೆ ಹೇಳುತ್ತಾ ಹೋದಳು, ನಾನು ಒಂದೊಂದೇ ಜೇಬು ಬರಿದು ಮಾಡುತ್ತಾ ಹೋದೆ. ಅಳತೆಯ ಟೇಪೂ ಸಿಕ್ಕಿತು. ಎರಡು ಜಡೆಯ ಹುಡುಗಿ ಕಣ್ಣು ಬಿಟ್ಟುಕೊಂಡು ಫ್ರಾಕನ್ನೇ ನೋಡುತ್ತಿದ್ದಳು. ಕೊನೆಗೆ ತನ್ನ ಅಪ್ಪನ ಕಡೆ ತಿರುಗಿ, "ನೀನು ಯಾಕೆ ಹೊಲಿಯಲ್ಲ?" ಎಂದಳು. ಆ ಮಹಾಶಯರು ನನ್ನನ್ನು ನೋಡಿದ ನೋಟವನ್ನು ನಾನು ಜನ್ಮದಲ್ಲಿ ಮರೆಯಲಾರೆ.

ಮನೆ ಬಾಗಿಲಿಗೆ ಬಂದಾಗ ಐದು ಜೇಬುಗಳೂ ಮತ್ತೆ ತುಂಬಿದ್ದವು (ದಾರಿಯಲ್ಲಿ ಎರಡು ಹೊಸ ಚಿಪ್ಪುಗಳೂ ಸೇರಿದ್ದವು). ಹೆಂಡತಿ ಮಗಳನ್ನು ನೋಡುತ್ತಾ ನಿಂತಿದ್ದಳು. ಕೈ ಜೇಬಿನಿಂದ ತೆಗೆಯದೆಯೇ ಮಗಳು ಮೆಟ್ಟಿಲು ಹತ್ತಿದಳು.

"ಕೈ ಇಟ್ಕೊಳ್ಳೋಕೆ ಒಂದು ಜಾಗ ಇದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ?" ಎಂದಳು ಹೆಂಡತಿ. "ರೀ, ಆ ವಿನ್ಯಾಸಕಿ ದೊಡ್ಡವರ ಪ್ಯಾಟರ್ನೂ ಮಾಡಿದ್ದಾಳೆ. ನನಗೂ ಒಂದು ಹೊಲೀರಿ. ಈ ಸಲ ಮೂಲೇಲಿ ಬರೆದದ್ದನ್ನ ಓದಿ."

"ಹೊಲಿದುಕೊಟ್ರೆ ಬೀಗದ ಕೈ ನಿನ್ನ ಜೇಬಲ್ಲಿ ಇಟ್ಕೋತೀಯಾ?" ಎಂದೆ ಆಸೆಯಿಂದ.

"ಅಷ್ಟು ಕಷ್ಟಪಟ್ಟು ಹೊಲಿದ ಜೇಬು, ಅದರಲ್ಲಿ ಕಬ್ಬಿಣ ಹಾಕ್ತಾರಾ?" ಎಂದಳು. "ಮೊದಲು ಬಾಗಿಲು ತೆಗೀರಿ."

ನಾನು ಜೇಬಿಗೆ ಕೈ ಹಾಕಿ ಬೀಗದ ಕೈ ಎಳೆದು ಬೀಗಕ್ಕೆ ತೂರಿಸಿದೆ. ತಿರುಗಲಿಲ್ಲ. ನೋಡಿದರೆ, ಕೆಂಪು ಬೂಟು ಹಾಕಿಕೊಂಡ ಗೊಂಬೆಯ ಕಾಲು.