ಕಾಕಾನ ವೈನಿಗೆ ತಕ್ಕ ಜೋಡಿ

ಸ್ಪೇನ್ ದೇಶದವರಿಗೆ ಬಣ್ಣ ಹಾಕಲು ಬರುವುದಿಲ್ಲ! ಇದು ನನ್ನ ಮಾತಲ್ಲ, ಬನಹಟ್ಟಿಯಲ್ಲಿ ಮಗ್ಗ ನಡೆಸುವ ನಮ್ಮ ಕಾಕಾನದು. ನನ್ನ ಯಜಮಾನರ ಚಿಕ್ಕಪ್ಪ. ಚಹಾಕ್ಕಿಂತ ಗಟ್ಟಿಯಾದದ್ದನ್ನು ಎಂದೂ ಕುಡಿದವರಲ್ಲ. ಅಂಥವರಿಗೆ, ಸೀರೆ ಒಯ್ಯುವ ವ್ಯಾಪಾರಿಯೊಬ್ಬರು ಪ್ರವಾಸದಿಂದ ಬರುವಾಗ ಸ್ಪೇನಿನ ಕೆಂಪು ವೈನ್ ತಂದುಕೊಟ್ಟರು. ಬೇರೆಯವರಾದರೆ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದರು. ಕಾಕಾ ಜೇಬಿನಿಂದ ಬಿಳಿ ನೂಲೆಳೆ ತೆಗೆದು, ಅದರಲ್ಲಿ ಅದ್ದಿ, ನಲ್ಲಿಯ ಕೆಳಗೆ ಹಿಂಡಿ, ಬಿಸಿಲಿಗೆ ಹಿಡಿದರಂತೆ. "ಬಣ್ಣ ನಿಂದ್ರವಲ್ದು!" ಎಂದು ತೀರ್ಪು ಕೊಟ್ಟರಂತೆ.

ಮರುದಿನ ನಾನು ಜಮಖಂಡಿಯಿಂದ ಬಸ್ಸು ಹತ್ತಿದ್ದು ಬಾಟಲಿ ನೋಡಲಿಕ್ಕಲ್ಲ. ಕಾಕುಗೆ, ಅಂದರೆ ಕಾಕಾನ ಹೆಂಡತಿಗೆ, ಜ್ವರ ಬಂದು ಹೋದ ಮೇಲೆ ನಾಲಿಗೆಯ ರುಚಿಯೇ ಹೋಗಿತ್ತು. ಓಣಿಯ ಮದುವೆಗಳಿಗೆಲ್ಲ ಸಾರಿನ ಹದ ಹೇಳುತ್ತಿದ್ದವರು ಅವರು. ಈಗ ಪಲ್ಯ ಒಂದು ದಿನ ಸಪ್ಪೆ, ಮರುದಿನ ಉಪ್ಪಿನ ಗಣಿ! "ಇನ್ನ ನಾ ಒಲಿ ಮುಂದ ನಿಂದ್ರಂಗಿಲ್ಲವ್ವಾ. ಯಾರರ ಅಡಗಿಯಾಕಿನ್ನ ನೋಡಿ ಕೊಡು," ಎಂದು ಫೋನಿನಲ್ಲಿ ಹೇಳಿದಾಗ ದನಿ ಕುಗ್ಗಿತ್ತು. ಅಡುಗೆಯವಳನ್ನು ಗೊತ್ತು ಮಾಡಿಕೊಂಡೇ ಹೋಗಿದ್ದೆ.

ಚಪ್ಪಲಿ ಬಿಡುವ ಮೊದಲೇ ಕಾಕಾ ಬಾಟಲಿ ಹಿಡಿದು ಎದುರಾದರು.

"ನೀ ಕಾನ್ವೆಂಟ್ ಸಾಲ್ಯಾಗ ಕಲತಾಕಿ. ಇದರ ಬೆನ್ನ ಮ್ಯಾಲ ಏನ ಬರದಾರ ಓದು."

"ಇದು ಸ್ಪೇನಿನ ಭಾಷಾರಿ, ಕಾಕಾ."

"ನಿಮ್ಮ ಸಿಸ್ಟರ್‌ಗೋಳು ಅಲ್ಲಿಯವರ ಅಲ್ಲೇನು?"

"ಅವರು ಮಂಗಳೂರಿನವರ್ರೀ!"

ಕೊನೆಗೆ ಮೊಬೈಲ್ ಹಿಡಿದು ಅನುವಾದ ಮಾಡಿಸಿದೆ. ಅರೆಸಿಹಿ ವೈನ್. ಸುಟ್ಟ ಮಾಂಸ, ಬೂಷ್ಟು ಬರಿಸಿದ ಚೀಸ್ ಇದಕ್ಕೆ ಒಳ್ಳೆಯ ಜೋಡಿ.

"ಅರೆಸಿಹಿ ಯಾಕ? ಸಕ್ಕರಿ ತೀರಿತ್ತೇನ ಅವರದು? ಮುಧೋಳದ ಸಕ್ಕರಿ ಫ್ಯಾಕ್ಟರಿಗೆ ಒಂದ ಮಾತ ಹೇಳಿದ್ರ ಲಾರಿ ತುಂಬಿ ಕಳಸ್ತಿದ್ರು!"

ಮಾಂಸ ಆ ಮನೆಯಲ್ಲಿ ನಡೆಯದು. ಚೀಸಿನ ಸಂಗತಿ ಕೇಳಿ ಮುಖ ಕಿವುಚಿದರು. "ಬೂಷ್ಟ ಬಂದದ್ದನ್ನ ನಾವು ಎಮ್ಮಿಗೂ ಹಾಕಂಗಿಲ್ಲ."

ಹಾಗಾದರೆ ಜೋಡಿ ಯಾವುದು? ಸೀರೆಯ ಒಡಲಿಗೆ ಸೆರಗು ಹುಡುಕುವವರ ಹಠ ಅವರದು. ಕೆಮ್ಮಿನ ಔಷಧದ ಮುಚ್ಚಳಕ್ಕೆ ವೈನ್ ಸುರಿದುಕೊಂಡು ಪಡಸಾಲೆಯಲ್ಲಿ ಕುಳಿತರು. ಶೇಂಗಾ ಚಟ್ನಿಯ ಜೊತೆ ಒಂದು ಗುಟುಕು: "ಜಗಳಾಡತಾವು." ಕರದಂಟಿನ ಜೊತೆ ಒಂದು: "ಇಬ್ಬರೂ ಸಿಹಿ, ಯಾರ ಮಾತ ಯಾರೂ ಕೇಳವಲ್ರು." ಮೆಣಸಿನಕಾಯಿ ಕಚ್ಚಿಕೊಂಡಾಗ ಕಣ್ಣಲ್ಲಿ ನೀರು ಬಂತು; ಅದನ್ನೂ ಸ್ಪೇನಿನ ತಲೆಗೇ ಕಟ್ಟಿದರು! ವೈನ್ ಕುಡಿಯುವವರು ಹೀಗಿರುತ್ತಾರೆಯೇ? ಇವರ ಮುಖವೋ, ಕಷಾಯ ಕುಡಿಸಿದ ಕೂಸಿನದು.

ಅಷ್ಟರಲ್ಲಿ ಕಾಕು ಊಟಕ್ಕೆ ಬಡಿಸಿದರು. ರೊಟ್ಟಿ, ಬದನೆಯ ಎಣ್ಣೆಗಾಯಿ. ಮೊದಲ ತುತ್ತಿಗೇ ನನ್ನ ನಾಲಿಗೆ ಉಪ್ಪಿಗೆ ಮುದುಡಿತು. ನೀರಿನ ತಂಬಿಗೆಯತ್ತ ಹೋದ ನನ್ನ ಕೈಯನ್ನು ಕಾಕು ನೋಡಿಬಿಟ್ಟರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಹೆಚ್ಚಾಗೇತಿ, ಹೌದಲ್ಲ? ಖರೆ ಹೇಳ್ರಿ," ಎಂದರು. "ಇದಕ್ಕ ನಾ ಅಡಗಿಯಾಕಿ ಬರಲಿ ಅನ್ನಾಕತ್ತೇನಿ."

ಕಾಕಾ ದೊಡ್ಡ ತುತ್ತು ಬಾಯಿಗಿಟ್ಟು, ಮುಚ್ಚಳವೆತ್ತಿ ಗುಟುಕರಿಸಿ, ತೊಡೆ ತಟ್ಟಿದರು. "ಸಿಕ್ಕಿತ ನೋಡು ಜೋಡಿ! ಉಪ್ಪ ಹೆಚ್ಚಾಗಿಲ್ಲ ಬೇ. ಈ ವೈನಿನ ಸಿಹಿ ಹೆಚ್ಚೈತಿ. ಇದಕ್ಕ ಇಷ್ಟ ಉಪ್ಪ ಬೇಕ!"

"ಸುಳ್ಳ ಹೇಳಬ್ಯಾಡ್ರಿ."

"ಹಂಗಾರ ಇನ್ನೊಂದ ಬದನಿಕಾಯಿ ಹಾಕು."

ಹಾಕಿಸಿಕೊಂಡು ತಿಂದರು, ತಾಟಿಗೆ ಅಂಟಿದ ಮಸಾಲೆಯನ್ನೂ ಬಿಡದೆ. ಈ ಸಲ ವೈನ್ ಸುರಿದುಕೊಳ್ಳುವುದನ್ನೇ ಮರೆತಿದ್ದರು. ಬರಿದಾದ ಆ ಮುಚ್ಚಳವನ್ನು ಕಾಕುವೂ ನೋಡಿದರು, ನಾನೂ ನೋಡಿದೆ.

ಕಾಕು ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದು ಗಂಡನ ಮುಂದಿಟ್ಟರು. "ನಾಳಿಯಿಂದ ಪಲ್ಯ ನಾ ತಿರುವತೇನಿ, ನೀವು ಉಪ್ಪ ಹಾಕಿ ರುಚಿ ನೋಡ್ರಿ." ನನ್ನ ಕಡೆ ತಿರುಗಿ, "ಅಡಗಿಯಾಕಿಗೆ ಬ್ಯಾಡಂತ ಹೇಳಿಬಿಡವ್ವಾ," ಎಂದರು.

ಕಾಕಾ ಅವಸರದಿಂದ ಡಬ್ಬಿ ತೆಗೆದು, ಅಂಗೈಗೆ ಉಪ್ಪು ಸುರಿದುಕೊಂಡು ತೋರಿಸಿದರು. "ಇಷ್ಟ ಸಾಕೇನು?"

ಕಾಕು ಆ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು ಅರ್ಧ ಉಪ್ಪನ್ನು ಡಬ್ಬಿಗೆ ಮರಳಿ ಸುರಿದರು. ಕೈ ಮಾತ್ರ ಬಿಡಲಿಲ್ಲ.